ಸಮಸ್ತ ಹಲಗೆ ಸಹಿತ ದೋಣಿ

ನನ್ನಲ್ಲಿ ಆಸೆಬುರುಕತನ ಇಲ್ಲವೆಂದು ಬಹಳ ಕಾಲ ನಂಬಿದ್ದೆ. ಆಸೆಪಡುವಂಥದ್ದು ಯಾವುದೂ ಅಷ್ಟರವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದು ಈಗ ತಿಳಿದಿದೆ. ಬೇರೆಯವರ ಮನೆಯಲ್ಲಿ ಪಾಲಿನ ಜಗಳವಾದರೆ, "ಛೇ, ಒಡಹುಟ್ಟಿದವರು ಹೀಗೆ ಕಚ್ಚಾಡುವುದೇ!" ಎಂದು ವೀಳ್ಯ ಜಗಿಯುತ್ತಾ ಹೇಳುವವರಲ್ಲಿ ನಾನೇ ಮೊದಲಿಗ. ಅಪ್ಪ ತೀರಿಕೊಂಡು ಅವರ ಉಯಿಲು ನನ್ನ ಕೈಗೆ ಬಂದ ದಿನ ಆ ಮೊದಲಿಗ ಎಲ್ಲಿ ಹೋದನೋ ಕಾಣೆ.

ಅಪ್ಪ ಬೆಂಗ್ರೆಯಲ್ಲಿ ಮೀನು ಹಿಡಿಯುತ್ತಿದ್ದವರು. ನಾನು ಹೊಳೆ ದಾಟಿ, ಮಂಗಳೂರಿನಲ್ಲಿ ಬಿಳಿಯರ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದವನು. ನಾನಿನ್ನೂ ಅವರ ಜೊತೆ ಕಡಲಿಗಿಳಿಯುತ್ತಿದ್ದ ಕಾಲದಲ್ಲಿ, ಕೋರ್ಟಿನ ಬಳಿ ಅರ್ಜಿ ಬರೆಯುವವರೊಬ್ಬರಿಂದ ಅವರು ಉಯಿಲು ಬರೆಸಿದ್ದರು. ಮನೆ ತಂಗಿ ಕಲ್ಯಾಣಿಗೆ. "ದೋಣಿಯು ಹುಟ್ಟು, ಹಗ್ಗ, ಸಮಸ್ತ ಹಲಗೆ ಸಹಿತ" ನನಗೆ. ಆಮೇಲೆ ನಾನು ಕಡಲು ಬಿಟ್ಟೆ. ಕೆಲವು ವರ್ಷಗಳ ಮೇಲೆ ದೋಣಿಯೂ ಕಾಣದಾಯಿತು, ಮಾರಿರಬೇಕೆಂದುಕೊಂಡೆ. ಉಯಿಲು ಮಾತ್ರ ಹಾಗೆಯೇ ಉಳಿಯಿತು. ತಿದ್ದಿಸಿ ಎಂದು ಒಮ್ಮೆ ಹೇಳಿದ್ದಕ್ಕೆ ಅಪ್ಪ, "ಸಾಯುವುದು ಒಂದು ಸಲ ಅಲ್ವಾ ಮಾರಾಯ? ಎಷ್ಟು ಸಲ ಬರೆಸುವುದು?" ಎಂದಿದ್ದರು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ, ನಮ್ಮ ಕೇರಿಯ ಹಿರಿಯರಾದ ಗುರಿಕಾರರು ಜಗಲಿಯಲ್ಲಿ ಕುಳಿತರು. ಓದು ಬಂದವನು ನಾನೊಬ್ಬನೇ ಆದ್ದರಿಂದ ಉಯಿಲು ಓದಿದವನೂ ನಾನೇ.

"ದೋಣಿಯೇ ಇಲ್ಲದ ಮೇಲೆ ಇವನಿಗೆ ಎಂತ ಕೊಡುವುದು?" ಎಂದರು ಗುರಿಕಾರರು.

"ದೋಣಿ ಉಂಟಲ್ಲ," ಎಂದಳು ಕಲ್ಯಾಣಿ. "ಅಡುಗೆಕೋಣೆಯ ಬಾಗಿಲು ಅದರದ್ದೇ. ಕಡಲ ಬದಿಯ ಗೋಡೆ ಪೂರಾ ಅದರ ಹಲಗೆ. ಅಪ್ಪ ಮಲಗ್ತಾ ಇದ್ದ ಮಂಚವೂ."

ಅವಳು ಬಾಯಿ ಮುಚ್ಚಿ ಕುಳಿತಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಅಷ್ಟು ನೆಟ್ಟಗಿನ ಹೆಣ್ಣು. ನಾನಾದರೋ, ಹೇಳಲು ನಾಚಿಕೆಯಾಗುತ್ತದೆ, ನನ್ನ ಬಾಡಿಗೆ ಮನೆಗೆ ಆ ಬಾಗಿಲು ಹೊಂದೀತೇ ಎಂದು ಕಣ್ಣಲ್ಲೇ ಅಳೆಯುತ್ತಿದ್ದೆ. "ಸಮಸ್ತ ಹಲಗೆ ಎಂದು ಬರೆದಿದೆ" ಎಂದು ಕಚೇರಿಯ ಗತ್ತಿನಲ್ಲಿ ಮತ್ತೊಮ್ಮೆ ಓದಿಯೂಬಿಟ್ಟೆ. ಮಳೆಗಾಲಕ್ಕೆ ಹದಿನೈದು ದಿನವಿತ್ತು. ಆ ಗೋಡೆ ಕಿತ್ತರೆ ಅವಳ ಮೂರು ಮಕ್ಕಳು ಕಡಲಿನ ಗಾಳಿಮಳೆಗೆ ಮೈಯೊಡ್ಡಿ ಮಲಗಬೇಕಿತ್ತು.

"ತಕ್ಕೊಂಡು ಹೋಗು ಅಣ್ಣ," ಎಂದಳು. "ತೆಂಗಿನ ಮಡಲು ಕಟ್ಟಿ ಮರೆ ಮಾಡ್ತೇನೆ. ನೀನು ಕಚೇರಿಗೆ ಸೇರಿದ ಮೇಲೆ ಆರು ವರ್ಷ ಅಪ್ಪ ಅದನ್ನು ಮಾರಲಿಲ್ಲ. ಕೇಳಿಕೊಂಡು ಬಂದವರಿಗೆಲ್ಲ, ಅದು ಮಗನ ದೋಣಿ, ಅವನು ಬರ್ತಾನೆ ಅಂತಲೇ ಹೇಳ್ತಿದ್ದರು. ತಳ ಲಡ್ಡಾಗಿ ನೀರು ಒಳಗೆ ಬರ್ಲಿಕ್ಕೆ ಶುರುವಾದ ಮೇಲೆಯೇ ಒಡೆದದ್ದು."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಪ್ಪನಂತೂ ಹೇಳುವವರಲ್ಲ. ಕಾಗದ ಮಡಚುವ ನೆವದಲ್ಲಿ ತಲೆ ತಗ್ಗಿಸಿದೆ. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. "ಎಲ್ಲ ಇಲ್ಲೇ ಇರಲಿ, ನನಗೇನೂ ಬೇಡ" ಎಂದೆ. ಹೇಳಿದ ಕೂಡಲೇ ನನ್ನ ದೊಡ್ಡತನಕ್ಕೆ ನಾನೇ ಬೆರಗಾದೆ.

ಕಲ್ಯಾಣಿ ಬಿಡಬೇಕಲ್ಲ! "ಧರ್ಮಕ್ಕೆ ನನಗೆ ಬೇಡ. ದೋಣಿ ನಿನ್ನದ್ದೇ, ಇಲ್ಲಿ ಇಟ್ಟಿದ್ದಿ ಅಷ್ಟೆ" ಎಂದಳು. ಗುರಿಕಾರರು ತಲೆದೂಗಿ, "ಹಾಗಾದರೆ ಮಳೆಗೆ ಮೊದಲು ಹಲಗೆಗೆ ಮೀನೆಣ್ಣೆ ಹಚ್ಚುವುದು ದೋಣಿಯ ಧಣಿಯ ಕೆಲಸ. ಇವನೇ ಮಾಡಲಿ" ಎಂದು ತೀರ್ಪು ಕೊಟ್ಟು ಎದ್ದರು.

ಹೀಗೆ ಪ್ರತಿ ವರ್ಷ ಮಳೆಗೆ ಮೊದಲು ಒಂದು ಭಾನುವಾರ ನಾನು ಹೊಳೆ ದಾಟಿ ಹೋಗಿ ಬಾಗಿಲಿಗೆ, ಗೋಡೆಗೆ, ಮಂಚಕ್ಕೆ ಬೂತಾಯಿ ಮೀನಿನ ಎಣ್ಣೆ ತಿಕ್ಕುತ್ತೇನೆ. ಕಲ್ಯಾಣಿ ಹಿಂದೆ ನಿಂತು, "ಆ ಮೂಲೆ ಬಿಟ್ಟುಹೋಯಿತು ಅಣ್ಣ" ಎನ್ನುತ್ತಾಳೆ. ಎಷ್ಟು ಸೀಗೆಪುಡಿ ಹಾಕಿ ಮೈ ಉಜ್ಜಿದರೂ ವಾರವಿಡೀ ವಾಸನೆ ಬಿಡುವುದಿಲ್ಲ. ಸೋಮವಾರ ನಾನು ಒಳಗೆ ಬಂದೊಡನೆ ಗುಮಾಸ್ತರೆಲ್ಲ ಕುರ್ಚಿ ದೂರ ಎಳೆದುಕೊಳ್ಳುತ್ತಾರೆ. ಬಿಳಿ ದೊರೆ ಮೂಗಿಗೆ ಕರವಸ್ತ್ರ ಹಿಡಿಯುತ್ತಾನೆ. "ಇದೆಂತ ವಾಸನೆ ಮಾರಾಯರೇ?" ಎಂದು ಹೆಡ್‌ಗುಮಾಸ್ತರು ಕೇಳಿದರೆ, "ನಮ್ಮದೊಂದು ದೋಣಿ ಉಂಟು" ಎನ್ನುತ್ತೇನೆ. ಅಪ್ಪ ಬದುಕಿದ್ದಷ್ಟು ಕಾಲ ಆ ಕಚೇರಿಯಲ್ಲಿ ಈ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ.