ಎಡ ಹಿಂಬದಿ ಚಕ್ರದ ಸಾರ್ವಜನಿಕ ಸದ್ದು

ಹೊಸಗದ್ದೆ ಶಾಲೆಯ ಜೀಪಿನ ಎಡ ಹಿಂಬದಿ ಚಕ್ರದ ಬೇರಿಂಗ್, ಜೂನ್ ಹತ್ತನೇ ತಾರೀಕು ಸೋಮವಾರ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಕೂಗಲು ಪ್ರಾರಂಭಿಸಿತು. ಆಗ ಜೀಪಿನಲ್ಲಿ ಎಸ್ಟೇಟ್ ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಹನ್ನೊಂದು ಮಕ್ಕಳೂ ಚಾಲಕ ತಮ್ಮಯ್ಯನೂ ಇದ್ದರು. ಲೈನಿನಿಂದ ಶಾಲೆಗೆ ಆರು ಕಿಲೋಮೀಟರ್. ನಡುವಿನ ಕಾಡುದಾರಿಯಲ್ಲಿ ಮೂರು ಆನೆಗಳು ಓಡಾಡುತ್ತಿದ್ದುದರಿಂದ ಮಕ್ಕಳು ನಡೆದು ಬರುವ ಪದ್ಧತಿ ಇರಲಿಲ್ಲ.

ತಮ್ಮಯ್ಯ ಜಾಕ್ ಕೊಟ್ಟು ಚಕ್ರ ಎತ್ತಿ ಅಲ್ಲಾಡಿಸಿ ನೋಡಿದ. ಅದು ಹಾಲುಹಲ್ಲಿನಂತೆ ಅಲ್ಲಾಡಿತು. ಕೂಡಲೇ ಶಾಲಾ ವಾಹನ ಸಮಿತಿಯ ಕಾರ್ಯದರ್ಶಿ ಪರಮೇಶ್ವರಪ್ಪನವರ ಕಚೇರಿಗೆ ಹೋದ.

"ಸಾರ್, ಬೇರಿಂಗ್ ಹೋಗಿದೆ. ಬದಲಾಯಿಸ್ಬೇಕು. ಇಲ್ದಿದ್ರೆ ಚಕ್ರ ಕಳಚ್ಕೊಂಡು ಹೋಗುತ್ತೆ."

"ಹೋಗಿದೆ ಅಂತ ಯಾರು ಹೇಳಿದ್ದು?"

"ಅದೇ ಹೇಳ್ತಿದೆ ಸಾರ್. ನಿಮ್ಗೂ ಕೇಳಿರ್ಬೇಕಲ್ಲ."

ಕೇಳಿತ್ತು. ಆದರೆ ನಿಯಮ ಹದಿನಾಲ್ಕರ ಪ್ರಕಾರ, ಸದ್ದು ಮಾಡುವ ಭಾಗವನ್ನು ಬದಲಾಯಿಸಲು ಸಾರ್ವಜನಿಕರ ದೂರು ಬೇಕು. ಚಾಲಕ ಸಾರ್ವಜನಿಕನಲ್ಲ. ಮಕ್ಕಳು, ಜೀಪಿನೊಳಗೆ ಕುಳಿತಿರುವಷ್ಟು ಹೊತ್ತು, ಲೋಡು. ಆದ್ದರಿಂದ ಕಚೇರಿಯ ಬಾಗಿಲಿಗೆ ನೋಟಿಸು ಅಂಟಿಸಲಾಯಿತು:

"ಸದರಿ ಸದ್ದಿನಿಂದ ತೊಂದರೆಯಾದವರು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತೊಂದರೆಯಾಗದವರೂ ತಿಳಿಸಬಹುದು."

ತೊಂದರೆಯಾದವರು ಯಾರೂ ಬರೆಯಲಿಲ್ಲ. ತೊಂದರೆಯಾಗದವರು ಎಪ್ಪತ್ತಮೂರು ಮಂದಿ ಬರೆದರು. ಶಾಲೆಯ ಪಕ್ಕದ ಹೋಟೆಲಿನ ಕೃಷ್ಣಮ್ಮ, ಸದ್ದು ಸೇತುವೆ ದಾಟಿದಾಗ ಹೆಂಚು ಒಲೆಗೇರಿಸಿದರೆ ಜೀಪು ಬರುವ ಹೊತ್ತಿಗೆ ಮೊದಲ ದೋಸೆ ತಾನಾಗಿ ಏಳುತ್ತದೆಂದು ಬರೆದರು. ಎಸ್ಟೇಟಿನ ರೈಟರು, ಆಳುಗಳ ಹಾಜರಿಯನ್ನು ಈಗ ಆ ಸದ್ದಿಗೇ ಕರೆಯುತ್ತಿರುವುದಾಗಿಯೂ ಗಡಿಯಾರಕ್ಕೆ ಕೀ ಕೊಡುವುದನ್ನು ಬಿಟ್ಟಿರುವುದಾಗಿಯೂ ತಿಳಿಸಿದರು. ಉಳಿದವರು ಬರೆದದ್ದು ಒಂದೇ: ಸದ್ದು ಕೇಳಿದೊಡನೆ ಮೂರೂ ಆನೆಗಳು ರಸ್ತೆ ಬಿಟ್ಟು ಬಿದಿರು ಮೆಳೆಗೆ ಇಳಿಯುತ್ತಿವೆ.

ಸಮಿತಿಯು ಸದ್ದನ್ನು ಸಾರ್ವಜನಿಕ ಸೌಲಭ್ಯವೆಂದು ಘೋಷಿಸಿತು. ಅದನ್ನು ನಿಲ್ಲಿಸುವುದು ಶಿಕ್ಷಾರ್ಹವಾಯಿತು.

ತಮ್ಮಯ್ಯ ಮತ್ತೆ ಹೋದ. "ಸಾರ್, ಆಯಿಲ್ ಸೋರಿ ಬ್ರೇಕಿಗೆ ಇಳೀತಿದೆ. ಹನ್ನೊಂದು ಮಕ್ಕಳು ಸಾರ್. ಚಕ್ರ ಬಿದ್ರೆ?"

"ಬಿದ್ದ ಚಕ್ರಕ್ಕೆ ನಿಯಮ ಇಪ್ಪತ್ತೆರಡು. ತುಂಬಾ ಸುಲಭದ ನಿಯಮ ಮಾರಾಯ. ನೀನು ಮೊದ್ಲು ಬೀಳಿಸ್ಕೊಂಡು ಬಾ."

ತಮ್ಮಯ್ಯ ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಸದ್ದು ಸಾರ್ವಜನಿಕರದ್ದು, ಸರಿ. ಬೇರಿಂಗ್ ಯಾರದ್ದು ಸಾರ್?"

"ಅದು ಶಾಲೇದು."

"ಹಾಗಾದ್ರೆ ಬೇರಿಂಗ್ ಬದಲಾಯ್ಸಿ, ಸದ್ದು ಹಾಗೇ ಇಟ್ರೆ?"

ಪರಮೇಶ್ವರಪ್ಪನವರು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಡ್ಡಿ ಇರಲಿಲ್ಲ. ಎರಡೂ ಬೇರೆ ಬೇರೆ ಕಡತಗಳು.

ಕೊಟ್ಟಿಗೆಹಾರದ ಗ್ಯಾರೇಜಿನಲ್ಲಿ ಆಕ್ಸಲ್ ಹೊರಗೆಳೆದು, ಹಳೆಯ ಬೇರಿಂಗನ್ನು ಕತ್ತರಿಸಿ ತೆಗೆದು, ಹೊಸದನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದರು. ಆಯಿಲ್ ಸೀಲನ್ನೂ ಹೊಸದು ಹಾಕಿ ಬ್ರೇಕ್ ಸರಿಮಾಡಿದರು. ಹಳೆಯದರ ಗುಂಡುಗಳಲ್ಲಿ ನಾಲ್ಕು ಮಾತ್ರ ಗುಂಡಗಿದ್ದವು.

ಮರುದಿನ, ಸದ್ದಿನ ಕಡತವನ್ನು ಇನ್ನೂ ಯಾರೂ ತೆರೆದಿರಲಿಲ್ಲವಾಗಿ, ಜೀಪು ಸದ್ದಿಲ್ಲದೆ ಹೊರಟಿತು. ಎಸ್ಟೇಟಿನಲ್ಲಿ ಹಾಜರಿ ಆಗಲಿಲ್ಲ. ಬಿದಿರು ಮೆಳೆಯ ತಿರುವಿನಲ್ಲಿ ಮೂರೂ ಆನೆಗಳು ರಸ್ತೆಯಲ್ಲೇ ನಿಂತಿದ್ದವು. ಬ್ರೇಕ್ ಹಿಡಿಯಿತು. ತಮ್ಮಯ್ಯ ರಿವರ್ಸ್ ಗೇರಿಗೆ ಕೈ ಹಾಕಿದ. ಆಗ ಹಿಂದಿನಿಂದ ಐದನೇ ತರಗತಿಯ ಪವಿತ್ರಾ ಮೆಲ್ಲನೆ "ಊಂ..." ಎಂದಳು. ಉಳಿದ ಹತ್ತು ಮಕ್ಕಳೂ ಸೇರಿಕೊಂಡರು. ಇಷ್ಟು ದಿನ ಆ ಬೇರಿಂಗಿನ ಮೇಲೇ ಕುಳಿತಿದ್ದ ಅವರಿಗೆ ಶ್ರುತಿ ಗೊತ್ತಿತ್ತು. ಆನೆಗಳು ಎಂದಿನಂತೆ ಬಿದಿರಿಗೆ ಇಳಿದವು. ಕೊನೆಯದು ಒಮ್ಮೆ ತಿರುಗಿ ನೋಡಿತು, ಅಷ್ಟೆ.

ಸಮಿತಿ ಸುತ್ತೋಲೆ ಹೊರಡಿಸಿತು:

"ಇನ್ನು ಮುಂದೆ ಸದ್ದನ್ನು ಹಿಂದಿನ ಸೀಟಿನಲ್ಲಿ ಕುಳಿತವರೆಲ್ಲರೂ ನಿರ್ವಹಿಸತಕ್ಕದ್ದು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚತಕ್ಕದ್ದು. ಬಲ ತಿರುವಿನಲ್ಲಿ ಭಾರ ಎಡಕ್ಕೆ ಬೀಳುವುದರಿಂದ ಅಲ್ಲಿ ವಿಶೇಷವಾಗಿ ಕೂಗತಕ್ಕದ್ದು. ನಗತಕ್ಕದ್ದಲ್ಲ, ಬೇರಿಂಗ್ ನಗುವುದಿಲ್ಲ."

ಆ ತಿಂಗಳಿನಿಂದ ಲೈನಿನ ಮಕ್ಕಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಒಬ್ಬ ಹುಡುಗ ಮಾತ್ರ, ಗಂಟಲು ನೋವಿರುವುದರಿಂದ ಶಾಲೆಗೆ ಬರುತ್ತೇನೆ, ಕೂಗಲಾರೆ ಎಂದು ರಜೆ ಚೀಟಿ ಕೊಟ್ಟ. ಮಂಜೂರಾಯಿತು.

ಆಗಸ್ಟಿನಲ್ಲಿ ಪರಮೇಶ್ವರಪ್ಪನವರು ಪರಿಶೀಲನೆಗೆ ಬಂದು, ಹಿಂದಿನ ಸೀಟಿನ ಎಡಗಡೆ ಕುಳಿತರು. ಸುತ್ತೋಲೆಗೆ ಸಹಿ ಅವರದೇ. ಕನ್ನಡಕ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ ಕೂಗಿದರು. ಬಲ ತಿರುವಿನಲ್ಲಿ ವಿಶೇಷವಾಗಿ ಕೂಗಿದರು. ಯಾರೂ ನಗಲಿಲ್ಲ.

ಹೋಟೆಲಿನ ಮುಂದೆ ಕೃಷ್ಣಮ್ಮ ಒಂದು ಕೈಯಲ್ಲಿ ಸಟ್ಟುಗ, ಇನ್ನೊಂದರಲ್ಲಿ ಮೊದಲ ದೋಸೆಯ ತಟ್ಟೆ ಹಿಡಿದುಕೊಂಡೇ ರಸ್ತೆಗೆ ಬಂದರು.

"ಇವತ್ತಿನ ಸದ್ದು ಸರಿಯಿಲ್ಲ ತಮ್ಮಯ್ಯ. ಎಡಗಡೆ ಏನೋ ತೀರಾ ಹಳೇದಾಗಿದೆ. ಬದಲಾಯ್ಸು ಮಾರಾಯ."

ತಮ್ಮಯ್ಯ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ.

"ದೂರು ಬರ್ದುಕೊಡಿ ಅಕ್ಕ. ಹದಿನೈದು ದಿನ ನೋಟಿಸು ಹಾಕ್ಬೇಕು."

"ಹೌದು, ನಿಯಮ ಹದಿನಾಲ್ಕು," ಎಂದು ಪರಮೇಶ್ವರಪ್ಪನವರು ತಲೆ ಹೊರಹಾಕಿ ದೃಢಪಡಿಸಿದರು, ಮತ್ತು ದೋಸೆಗೆ ಕೈ ಚಾಚಿದರು.