ಮಾವನ ಕೈಗೆ ಬಂದ ಅಧಿಕಾರ

ನಮ್ಮ ಸೋದರಮಾವ ಬಹಳ ಬುದ್ಧಿವಂತರು. ಎಷ್ಟು ಬುದ್ಧಿವಂತರೆಂದರೆ, ಕಾಫಿ ಬೇಕೋ ಬೇಡವೋ ಎಂದು ಕೇಳಿದರೂ ಅವರಿಗೆ ಎರಡೂ ಕಡೆಯ ವಾದ ಸರಿಯಾಗಿಯೇ ಕಾಣುತ್ತಿತ್ತು. ತೂಗಿ ನೋಡುವಷ್ಟರಲ್ಲಿ ಕಾಫಿ ಆರುತ್ತಿತ್ತು. ಆರಿದ್ದನ್ನು ಬಿಸಿ ಮಾಡಬೇಕೇ? ಅದು ಮತ್ತೊಂದು ಪ್ರಶ್ನೆ!

ಇಂಥವರಿಗೆ ದೇವರು ಸರಿಯಾದ ಕೆಲಸವನ್ನೇ ಕೊಟ್ಟಿದ್ದ. ವಿಶ್ವವಿದ್ಯಾನಿಲಯವೊಂದರ ಹಾಸನದ ಸ್ನಾತಕೋತ್ತರ ಕೇಂದ್ರದಲ್ಲಿ ಅವರು ಸೂಪರಿಂಟೆಂಡೆಂಟ್. ಯಾವ ಕಡತ ಬಂದರೂ ಕೆಳಗೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ದುಂಡಗೆ ಬರೆದು ಮೇಲಕ್ಕೆ ಕಳಿಸುವುದು. ಆದೇಶ ಮಾಡುವವರು ಬೇರೆ ಊರಿನಲ್ಲಿದ್ದರು. ಮಾವ ಇಲ್ಲಿ ನೆಮ್ಮದಿಯಾಗಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಏನನ್ನಿಸಿತೋ, ಚಿಕ್ಕಪುಟ್ಟ ವಿಷಯಗಳನ್ನೆಲ್ಲ ಆಯಾ ಕೇಂದ್ರದಲ್ಲೇ ತೀರ್ಮಾನಿಸಬೇಕೆಂದು ಸುತ್ತೋಲೆ ಹೊರಡಿಸಿತು. ಅಧಿಕಾರ ನಿರ್ದೇಶಕರಿಗೆ, ಅವರು ಊರಲ್ಲಿಲ್ಲದಾಗ ಸೂಪರಿಂಟೆಂಡೆಂಟರಿಗೆ. ನಿರ್ದೇಶಕರೋ, ತಿಂಗಳಲ್ಲಿ ಹದಿನೈದು ದಿನ ಸೆಮಿನಾರುಗಳಲ್ಲೇ ಇರುವವರು!

ಚಿಕ್ಕಪುಟ್ಟ ವಿಷಯ ಅಂದರೆ ಯಾವುದು? ಮಾವ ಪತ್ರ ಬರೆದು ಕೇಳಿದರು. ‘ಅದನ್ನು ತಾವೇ ತೀರ್ಮಾನಿಸತಕ್ಕದ್ದು’ ಎಂದು ಉತ್ತರ ಬಂತು. ಆ ದಿನ ಅವರು ಊಟ ಮಾಡಲಿಲ್ಲ.

ಮೊದಲು ಬಂದದ್ದು ಹೆಣ್ಣುಮಕ್ಕಳ ಕೊಠಡಿಯ ಮುರಿದ ಚಿಲಕ. ನಾನೂ ಆಗ ಅಲ್ಲೇ ಎಂ.ಎ. ಓದುತ್ತಿದ್ದೆ. ಹೊಸದು ಹಾಕಿಸಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಬೇಕೋ? ಮಾವ ಸಮಿತಿ ರಚಿಸಿದರು. ತಾವು, ಟೈಪಿಸ್ಟ್, ಕಟ್ಟಾಯ ಎಂಬ ಹಳ್ಳಿಯಿಂದ ಬರುತ್ತಿದ್ದ ಅಟೆಂಡರ್.

“ನಿನ್ನ ಅಭಿಪ್ರಾಯ ಹೇಳಪ್ಪ,” ಎಂದರು ಅಟೆಂಡರಿಗೆ.

“ಅಂಗಡಿಗೋಗಿ ಒಂದ್ ಚಿಲ್ಕ ತಂದು ಮೊಳೆ ಒಡುದ್ರೆ ಮುಗೀತು ಸಾ. ಇದಕ್ಯಾಕೆ ಮೀಟಿಂಗು?”

“ಹಾಗಾದ್ರೆ ಅಧಿಕಾರ ನಿನಗೇ ಕೊಡೋಣ್ವೇ?”

“ಬ್ಯಾಡಿ ಸಾ, ಮಕ್ಳೊಂದಿಗ ನಾನು.”

ಕೊನೆಗೆ ಸಮಿತಿಯು ಎಲ್ಲ ಅಧಿಕಾರವನ್ನೂ ಸರ್ವಾನುಮತದಿಂದ ಅಧ್ಯಕ್ಷರಿಗೆ ವಹಿಸಿತು. ಅಧ್ಯಕ್ಷರು ಯಾರು? ಮಾವನೇ! ಚಿಲಕವನ್ನು ನಾವು ಹುಡುಗಿಯರೇ ತಂದು ಹಾಕಿಸಿಕೊಂಡೆವು.

ಈ ರೋಗ ಮನೆಗೂ ಹತ್ತಿತು. “ಹುಳಿಗೆ ಯಾವ ತರಕಾರಿ ಅಂತ ಕೇಳಿದ್ರೆ, ಟಿಪ್ಪಣಿ ಬರೆದಿಡು ಅಂತೀರಲ್ಲ? ಅಡುಗೆ ಅಧಿಕಾರ ಇವತ್ತಿಂದ ನಿಮಗೇ ವಹಿಸಿದೀನಿ,” ಎಂದು ಅತ್ತೆ ಅರಕಲಗೂಡಿನ ತವರಿಗೆ ಬಸ್ಸು ಹತ್ತಿದರು. ಅವರು ವಾಪಸು ಬರುವ ತನಕ ಮಾವ ಮೂರು ಹೊತ್ತೂ ಮೊಸರವಲಕ್ಕಿ ತಿಂದರು.

ಅದೇ ವರ್ಷ ನಮ್ಮಮ್ಮನನ್ನು ಹೊಳೆನರಸೀಪುರದಿಂದ ಹಾಸನಕ್ಕೆ ತಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಪ್ಪ ತೀರಿಕೊಂಡಿದ್ದರು. ಜೊತೆಗೆ ಇರುವವರು ಯಾರು? ಮಾವನನ್ನು ಕೇಳಿದೆ. “ರಜೆ ಹಾಕಬಹುದು... ಆದ್ರೆ ನಿರ್ದೇಶಕರೂ ಇಲ್ವಲ್ಲ... ನೋಡೋಣ,” ಎಂದರು. ಅವರು ನೋಡುತ್ತಲೇ ಒಂದು ತಿಂಗಳು ಕಳೆಯಿತು. ನಾನೇ ಆಸ್ಪತ್ರೆಯಲ್ಲಿ ಉಳಿದೆ. ಅಮ್ಮ ಗುಣವಾಗಿ ಊರಿಗೆ ಹೋದಳು, ನನಗೆ ಹಾಜರಾತಿ ಕಮ್ಮಿ ಬಿತ್ತು.

ಆ ಕೊರತೆ ಮನ್ನಾ ಆಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹಾಳು. ನಾನು ಅರ್ಜಿ ಹಿಡಿದು ಹೋದದ್ದೇ ಕೊನೆಯ ದಿನ. ನಿರ್ದೇಶಕರು ದೆಹಲಿಯಲ್ಲಿ. ಹಾಗಾಗಿ ಅಧಿಕಾರ ಮಾವನ ಕೈಯಲ್ಲಿ. ಆದರೆ ಸುತ್ತೋಲೆಯ ಕೊನೆಯ ಸಾಲು ಅವರಿಗೆ ಬಾಯಿಪಾಠ: ಸಂಬಂಧಿಕರ ವಿಷಯದಲ್ಲಿ ಈ ಅಧಿಕಾರ ಚಲಾಯಿಸತಕ್ಕದ್ದಲ್ಲ. ಒಂದು ಚಿಲಕ ಹಾಕಿಸಲಾರದವರು ನನ್ನ ವರ್ಷ ಉಳಿಸುತ್ತಾರೆಯೇ? ಅವರ ಮೇಜಿನ ಮುಂದೆ ನಿಂತಾಗ ನನಗೆ ಅಳುವೇ ಬಂದಿತ್ತು.

ಮಾವ ಅರ್ಜಿಯನ್ನು ಒಂದೇ ಸಲ ಓದಿದರು. ‘ಮನ್ನಾ ಮಾಡಿದೆ’ ಎಂದು ಬರೆದು ಸಹಿ ಹಾಕಿದರು. ಟೈಪಿಸ್ಟ್ ಕುರ್ಚಿಯಿಂದ ಎದ್ದೇ ನಿಂತರು. ಆಮೇಲೆ ಮಾವ ಇನ್ನೊಂದು ಹಾಳೆ ತೆಗೆದುಕೊಂಡು ತಮ್ಮ ಮೇಲೆ ತಾವೇ ದೂರು ಬರೆದರು: ‘ಅರ್ಜಿದಾರಳು ನನ್ನ ತಂಗಿಯ ಮಗಳು. ನಿಯಮ ಗೊತ್ತಿದ್ದೇ ಮೀರಿದ್ದೇನೆ. ಕ್ರಮ ನನ್ನ ಮೇಲಾಗಲಿ, ಆಕೆಯ ಪರೀಕ್ಷೆಗೆ ತೊಂದರೆಯಾಗದಿರಲಿ.’ ಅದನ್ನು ಅಂದೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು.

ವಿಶ್ವವಿದ್ಯಾನಿಲಯ ಅವರ ಎರಡು ಮಾತನ್ನೂ ನಡೆಸಿಕೊಟ್ಟಿತು. ನಾನು ಪರೀಕ್ಷೆ ಬರೆದು ಪಾಸಾಗಿ ಚನ್ನರಾಯಪಟ್ಟಣದಲ್ಲಿ ಉಪನ್ಯಾಸಕಿಯಾದೆ. ಮಾವನ ಬಡ್ತಿ ನಿಂತುಹೋಯಿತು. ಈ ಮನುಷ್ಯ ಹೀಗೇಕೆ ಮಾಡಿದರೆಂದು ನನಗೆ ಅರ್ಥವೇ ಆಗಲಿಲ್ಲ, ಕೇಳುವುದಕ್ಕೂ ಸಂಕೋಚ. ಅವರು ಸೂಪರಿಂಟೆಂಡೆಂಟಾಗಿಯೇ ನಿವೃತ್ತರಾದರು.

ನಿವೃತ್ತಿಯ ಸಂಜೆ ಹಾರ ಹಿಡಿದುಕೊಂಡು ಮನೆಗೆ ಬಂದವರನ್ನು ಕೊನೆಗೂ ಕೇಳಿದೆ. “ನನಗೋಸ್ಕರ ಯಾಕೆ ಮಾವ ಅಷ್ಟು ಮಾಡಿದ್ರಿ? ಒಂದು ವರ್ಷ ತಾನೇ, ಕಾಯ್ತಿದ್ದೆ.”

ಮಾವ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಈ ಸಲ ಯೋಚಿಸಲು ಹೋಗಲಿಲ್ಲ.

“ನಿನಗೋಸ್ಕರ ಅಲ್ಲ ಕಣಮ್ಮ. ಆಸ್ಪತ್ರೇಲಿ ನನ್ನ ತಂಗಿ ಪಕ್ಕ ಕೂತ್ಕೋಬೇಕಾಗಿದ್ದವನು ನಾನು. ರಜೆ ಹಾಕ್ಲೋ ಬೇಡ್ವೋ ಅಂತ ಆಫೀಸಲ್ಲಿ ಕೂತಿದ್ದೆ. ಆ ಗೈರುಹಾಜರಿ ಪೂರ್ತಿ ನಂದು. ನಿನ್ನ ಹೆಸರಲ್ಲಿ ಬಿದ್ದಿತ್ತು, ಅಷ್ಟೆ.”