ನೆರೆಯ ದೇಶದ ಕುರ್ಚಿ

ನೆರೆಯ ದೇಶದ ಪಾತ್ರ ಮಾಡಬೇಕಿದ್ದ ವಾಣಿಜ್ಯ ಇಲಾಖೆಯ ಅಧಿಕಾರಿಗೆ ಬೆಳಿಗ್ಗೆ ಹಲ್ಲುನೋವು ಬಂದದ್ದೇ ಎಲ್ಲಕ್ಕೂ ಮೂಲ.

ಸಮುದ್ರ ಸೇರುವ ಪ್ಲಾಸ್ಟಿಕ್ ತಡೆಯಲು ಅಂತರರಾಷ್ಟ್ರೀಯ ಒಪ್ಪಂದ ಆಗುವುದಿತ್ತು. ಮಾತುಕತೆಗೆ ನಿಯೋಗ ಮರುದಿನ ಹೊರಡಬೇಕು. ಅದಕ್ಕೆ ಮೊದಲು ಪರಿಸರ ಇಲಾಖೆಯ ಸಭಾಂಗಣದಲ್ಲಿ ತಾಲೀಮು: ಮೇಜಿನ ಈ ಕಡೆ ನಾವು, ಆ ಕಡೆ ನೆರೆಯ ದೇಶ.

ನಮ್ಮ ನಿಲುವು ಬರೆದವರು ಒಬ್ಬ ಕಿರಿಯ ಅಧಿಕಾರಿ. ಯಾರು ಏನಂದರೂ ತಲೆಯಾಡಿಸುವುದರಿಂದ ಕಚೇರಿಯಲ್ಲಿ ಅವರ ಹೆಸರು ‘ಹೂಂ ಸಾಹೇಬರು’. ಮೀನುಗಾರಿಕೆ, ಹಣಕಾಸು, ಕಾನೂನು ಎಂದು ಇಲಾಖೆ ಇಲಾಖೆ ಅಲೆದು, ಬಾಗಿಲಲ್ಲಿ ಕಾದು, ಗೋಗರೆದು, ತಿಂಗಳುಗಟ್ಟಲೆ ಒದ್ದಾಡಿ ಒಂದೇ ಒಂದು ವಾಕ್ಯಕ್ಕೆ ಎಲ್ಲರ ಒಪ್ಪಿಗೆ ಗಿಟ್ಟಿಸಿದ್ದರು: ‘ಪ್ಲಾಸ್ಟಿಕ್ ನಿಲ್ಲಿಸಲು ಎಲ್ಲ ದೇಶಗಳಿಗೂ ಒಂದೇ ಗಡುವು, ಅದು ಕಡ್ಡಾಯ.’ ಗಡುವೇ ಬೇಡ, ಅವರವರ ಇಷ್ಟಕ್ಕೆ ಬಿಡಿ ಎಂಬುದು ನೆರೆಯ ದೇಶದ ವಾದ.

“ನೀವೇ ಆ ದೇಶ ಆಗ್ಬಿಡಿ,” ಅಂದರು ನಿಯೋಗದ ಮುಖ್ಯಸ್ಥರಾದ ಕಾರ್ಯದರ್ಶಿಗಳು.

“ಸರ್, ನನಗೆ ಜಗಳ ಆಡೋಕೆ ಬರಲ್ಲ...”

“ಜಗಳ ಅಲ್ಲರೀ, ರಾಜತಾಂತ್ರಿಕತೆ. ಹೋಗಿ ಆ ಕಡೆ ಕೂತ್ಕೊಳ್ಳಿ.”

ಕೂತದ್ದೇ ತಡ, ಹೂಂ ಸಾಹೇಬರಿಗೆ ಏನಾಯಿತೋ! ‘ಇಲ್ಲ’ ಅನ್ನುವ ಅಧಿಕಾರ ಜನ್ಮದಲ್ಲಿ ಮೊದಲ ಸಲ ಸಿಕ್ಕಿತ್ತು. ತಾವೇ ಕಟ್ಟಿದ ವಾದದ ಸಂದುಗೊಂದೆಲ್ಲ ಅವರಿಗೆ ಗೊತ್ತು.

“ಗಡುವು ಮುಗಿದ ಮಾರನೇ ದಿನ ನಿಮ್ಮ ಮೀನುಗಾರರು ಪ್ಲಾಸ್ಟಿಕ್ ಬಲೆ ಬಿಟ್ಟು ಯಾವುದರಲ್ಲಿ ಮೀನು ಹಿಡೀತಾರೆ? ಟೋಪೀಲಾ?”

ಮೀನುಗಾರಿಕೆಯವರು ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಾಯಿ ಬಿಟ್ಟರು.

“ಯಾರಾದ್ರೂ ತಪ್ಪಿದ್ರೆ ಶಿಕ್ಷೆ ಕೊಡೋರ್ಯಾರು?”

ಕಾನೂನು ಇಲಾಖೆಯ ಮೇಡಂ ಪುಟ ಮಗುಚಿದರು, ಮಗುಚಿದರು, ಕೊನೆಗೆ ನೀರು ಕುಡಿದರು. ಹಣಕಾಸಿನವರಂತೂ ಕುರ್ಚಿ ಎಳೆದುಕೊಂಡು ನೆರೆಯ ದೇಶಕ್ಕೇ ಬಂದು ಕೂತರು.

ಚಪ್ಪಾಳೆ ಬಿತ್ತು. ಹೂಂ ಸಾಹೇಬರು ಬೆವರು ಒರೆಸಿಕೊಂಡು, “ಸರ್, ಇದಕ್ಕೆಲ್ಲ ನಾವು ಕೊಡಬೇಕಾದ ಉತ್ತರ ಈಗ ಹೇಳ್ತೀನಿ,” ಅಂದರು.

“ಉತ್ತರ ಯಾಕ್ರೀ? ನೀವು ಹೇಳಿದ್ದೇ ಸರಿ,” ಎಂದ ಕಾರ್ಯದರ್ಶಿಗಳು ಆಗಲೇ ಸಚಿವರಿಗೆ ಫೋನ್ ಹಚ್ಚಿದ್ದರು.

ಮಧ್ಯಾಹ್ನದೊಳಗೆ ದೇಶದ ನಿಲುವು ಬದಲಾಯಿತು. ತಿದ್ದಿ ಬರೆಯುವ ಕೆಲಸ ಹೂಂ ಸಾಹೇಬರಿಗೇ ಬಂತು. ಖಾಲಿ ಸಭಾಂಗಣದಲ್ಲಿ ಕೂತು ‘ಕಡ್ಡಾಯ’ವನ್ನು ಹೊಡೆದುಹಾಕುವಾಗ ಅವರ ಕೈ ತಡೆಯಿತು. ಹೂಂ ಅನ್ನಿಸಲು ಅಷ್ಟು ತಿಂಗಳು ಬೇಕಾಯಿತು. ಬೇಡ ಅನ್ನಿಸಲು ಒಂದು ಬೆಳಿಗ್ಗೆ ಸಾಕಾಯಿತಲ್ಲ!

ಸಂಜೆ ನೆರೆಯ ದೇಶದಲ್ಲಿದ್ದ ನಮ್ಮ ರಾಯಭಾರಿಯ ಫೋನು ಬಂತು. ಅಲ್ಲೂ ತಾಲೀಮು ನಡೆದಿತ್ತಂತೆ. ನಮ್ಮ ಪಾತ್ರ ಮಾಡಿದ ಯಾರೋ ಎಷ್ಟು ಚೆನ್ನಾಗಿ ವಾದಿಸಿದರೆಂದರೆ, ಕಡ್ಡಾಯ ಗಡುವೇ ಬೇಕೆಂದು ಅವರ ಸರ್ಕಾರ ತೀರ್ಮಾನಿಸಿತ್ತು!

ಹೂಂ ಸಾಹೇಬರು ಕುಣಿದಾಡುವುದೊಂದು ಬಾಕಿ. “ಸರ್, ಹಳೇ ವಾಕ್ಯಕ್ಕೇ ಹೋಗೋಣ. ಎರಡೂ ದೇಶದ್ದು ಒಂದೇ ಮಾತಾಗುತ್ತೆ!”

“ಸಚಿವರು ಪತ್ರಿಕೆಯವರಿಗೆ ಹೇಳಿಯಾಯ್ತು. ಇನ್ನು ಅವರು ಬೇಕು ಅಂದ್ರೆ ನಾವು ಬೇಡ ಅನ್ನಲೇಬೇಕು,” ಅಂದರು ಕಾರ್ಯದರ್ಶಿಗಳು. “ಅದನ್ನ ನಿಮ್ಮಷ್ಟು ಚೆನ್ನಾಗಿ ಹೇಳೋರು ಇನ್ಯಾರಿದ್ದಾರೆ? ನಾಳೆ ನೀವೂ ಹೊರಡಿ.”

ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಸೂಟ್‌ಕೇಸಿನ ಧೂಳು ಕೊಡವುತ್ತ ಹಿಗ್ಗಿದಳು. “ಅಂತೂ ಆಫೀಸಲ್ಲಿ ನಿಮ್ಮ ಮಾತು ನಡೀತಲ್ಲ ರೀ!”